ಕಣ್ಣಿಗೆ ಕೇಳುವ ಗಂಟೆ

(ಹಳೆಯ ಉಪಕರಣಗಳನ್ನು ಬಿಚ್ಚಿ ಜೋಡಿಸುವ ಹವ್ಯಾಸಿಗಳ ಮುಂದೆ ಆಡಿದ ಮಾತು. ಮೇಜಿನ ಮೇಲೆ ಮಾಡಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾಗಿದೆ. ಕೊನೆಯ ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ನಮಸ್ಕಾರ. ನನ್ನ ಕೈಯಲ್ಲಿರುವುದು ನೀವೆಲ್ಲ ಬಳಸಿರುವ ಟೆಸ್ಟರ್. ಪ್ಲಗ್ಗಿನ ತೂತಿಗೆ ತುದಿ ತೂರಿಸಿ ಹಿಂದುಗಡೆಯ ಲೋಹದ ಮೇಲೆ ಬೆರಳಿಟ್ಟರೆ ಹಿಡಿಕೆಯೊಳಗೆ ಕಿತ್ತಳೆ ಬಣ್ಣದ ಒಂದು ಚುಕ್ಕೆ ಹೊತ್ತಿಕೊಳ್ಳುತ್ತದೆ. ಆ ಚುಕ್ಕೆಯನ್ನು ಹಿಡಿದಿಟ್ಟಿರುವ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಗಾಜಿನ ಬಲ್ಬು ಇದೆಯಲ್ಲ, ಇವತ್ತಿನ ಮಾತೆಲ್ಲ ಅದರ ಬಗ್ಗೆ. ಅದು ನಿಯಾನ್ ಬಲ್ಬು; ಹಳೆಯ ಫೋನಿಗೆ ಕರೆ ಬಂದಾಗ ಹೊತ್ತಿಕೊಳ್ಳುವ ಹಾಗೆ ಅದನ್ನು ಕೂರಿಸುವುದು ಹೇಗೆ ಅಂತ ನೋಡೋಣ. ಪಕ್ಕದಲ್ಲಿರುವ ಕಪ್ಪು ಫೋನು ನೆಪ ಅಂದರೂ ನಡೆಯುತ್ತದೆ.

ಡಯಲ್ ತಿರುಗಿಸುವ ಫೋನಿಗೆ ದೀಪ ಯಾತಕ್ಕೆ ಅಂತ ಹಲವರು ಕೇಳಿದ್ದಾರೆ. ಅದರ ಗಂಟೆ ಸತ್ತವರನ್ನೂ ಎಬ್ಬಿಸುವ ಹಾಗಿರುತ್ತದಲ್ಲ! ನಿಜ. ಆದರೆ ಕಿವಿ ಮಂದವಾದವರಿಗೆ, ಕೇಳಿಸದೇ ಇರುವವರಿಗೆ, ಗರಗಸದ ಪಕ್ಕ ನಿಂತು ಕೆಲಸ ಮಾಡುವವರಿಗೆ ಆ ಗಂಟೆಯಿಂದ ಪ್ರಯೋಜನವಿಲ್ಲ. ತೊಟ್ಟಿಲಲ್ಲಿ ಮಗು ಮಲಗಿರುವ ಮನೆಯಲ್ಲಂತೂ ಅದು ಶತ್ರು. ಇನ್ನು ನನ್ನಂಥ ಸಂಗ್ರಹದ ಹುಚ್ಚಿನವರ ಕಷ್ಟ ಬೇರೆ. ಒಂದೇ ಕಪಾಟಿನಲ್ಲಿ ನಾಲ್ಕು ಫೋನು ಎರಡು ಲೈನಿಗೆ ಅಂಟಿಕೊಂಡಿರುತ್ತವೆ. ಗಂಟೆ ಬಾರಿಸಿದಾಗ ಎತ್ತಿದ್ದೆಲ್ಲ ತಪ್ಪು ಫೋನು.

ಕರೆಯನ್ನು ಕಣ್ಣಿಂದ ತಿಳಿಯುವುದು ಹೊಸ ಕಾಲದ ಯೋಚನೆ ಅಂದುಕೊಳ್ಳಬೇಡಿ. 1876ರಲ್ಲಿ ಗ್ರಹಾಂ ಬೆಲ್ ಪೇಟೆಂಟ್ ಪಡೆದ ಉಪಕರಣಕ್ಕೆ ಗಂಟೆಯೇ ಇರಲಿಲ್ಲ. ಆ ತುದಿಯಲ್ಲಿರುವವರ ಗಮನ ಸೆಳೆಯಬೇಕಾದರೆ ಕೊಳವೆಯೊಳಗೆ ಕೂಗಬೇಕು, ಇಲ್ಲವೇ ಅದರ ತಗಡನ್ನು ತಟ್ಟಬೇಕು. ಬೆಲ್ಲರ ಸಹಾಯಕ ಥಾಮಸ್ ವಾಟ್ಸನ್ ಈ ಕಾಟಕ್ಕೆ ಒಂದಾದ ಮೇಲೊಂದು ಉಪಾಯ ಹೂಡಿ, ಕೊನೆಗೆ 1878ರಲ್ಲಿ ಎರಡು ಸುರುಳಿ, ಒಂದು ಕಾಯಂ ಅಯಸ್ಕಾಂತ, ಎರಡು ಬಟ್ಟಲಿನ ಗಂಟೆಗೆ ಪೇಟೆಂಟ್ ಪಡೆದ. ಮುಂದಿನ ನೂರು ವರ್ಷ ಫೋನುಗಳಲ್ಲಿ ಬಾರಿಸಿದ್ದು ಹೆಚ್ಚುಕಡಿಮೆ ಅದೇ ಗಂಟೆ. ಆದರೆ ನಡುವೆ ಕೂತ ಆಪರೇಟರ್‌ಗೆ ಕರೆ ಕೇಳಿಸುತ್ತಿರಲಿಲ್ಲ, ಕಾಣಿಸುತ್ತಿತ್ತು. ಚಂದಾದಾರ ತನ್ನ ಫೋನಿನ ಹಿಡಿ ಗರಗರನೆ ತಿರುಗಿಸಿದರೆ ಬೋರ್ಡಿನ ಮೇಲೆ ಅವನ ಹೆಸರಿನ ಪುಟ್ಟ ಮುಚ್ಚಳ ಟಪ್ಪೆಂದು ಕೆಳಕ್ಕೆ ಬೀಳುತ್ತಿತ್ತು. 1890ರ ದಶಕದಿಂದ ಮುಚ್ಚಳದ ಜಾಗಕ್ಕೆ ಪುಟಾಣಿ ದೀಪಗಳು ಬಂದವು. ಒಂದೇ ಕರೆ, ಆಪರೇಟರ್‌ಗೆ ಬೆಳಕು, ಮನೆಯವನಿಗೆ ಸದ್ದು.

ನನ್ನನ್ನು ಬಹಳ ದಿನ ಕಾಡಿದ ಸಂಗತಿ ಇನ್ನೊಂದಿದೆ. ಬೆಲ್ಲರ ತಾಯಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅವರ ಹೆಂಡತಿ ಮೇಬಲ್ ಐದನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಕಳೆದುಕೊಂಡವರು. ಬೆಲ್ ತಾವೇ ಕಿವುಡ ಮಕ್ಕಳ ಮೇಷ್ಟ್ರು. ಆ ಮನೆಯಿಂದ ಹೊರಟ ಯಂತ್ರ ಸುಮಾರು 90 ವರ್ಷ ಕೇಳಿಸದವರನ್ನು ಹೊರಗೇ ನಿಲ್ಲಿಸಿತು. 1964ರಲ್ಲಿ ರಾಬರ್ಟ್ ವೈಟ್‌ಬ್ರೆಕ್ಟ್ ಎಂಬ ಕಿವುಡ ಭೌತವಿಜ್ಞಾನಿ ದೂರಕ್ಕೆ ಅಕ್ಷರ ಕಳಿಸುವ ಹಳೆಯ ಟೆಲಿಪ್ರಿಂಟರನ್ನು ಫೋನಿಗೆ ಜೋಡಿಸುವ ಉಪಾಯ ಕಂಡುಹಿಡಿದ ಮೇಲಷ್ಟೆ ಇಬ್ಬರು ಕಿವುಡರು ಫೋನಿನಲ್ಲಿ ಬೆರಳಚ್ಚಿಸಿ ಮಾತಾಡುವಂತಾಯಿತು. ಆಗಲೂ ಕರೆ ಬಂದದ್ದು ತಿಳಿಯಲು ಬೇಕಾದದ್ದು ಮಿನುಗುವ ದೀಪವೇ. ಹಾಗಾಗಿ ನಾವು ಇವತ್ತು ಮಾಡುವುದನ್ನು ಅಲಂಕಾರ ಅಂತ ಕರೆಯಲು ನನಗೆ ಮನಸ್ಸಿಲ್ಲ.

ಇರಲಿ, ತಂತಿಗೆ ಬರೋಣ.

ಫೋನಿನ ಲೈನು ಅಂದರೆ ಎರಡು ತಂತಿ. ರಿಸೀವರ್ ಕೆಳಗಿದ್ದಾಗ ಅವುಗಳ ನಡುವೆ ಎಕ್ಸ್‌ಚೇಂಜಿನ ಬ್ಯಾಟರಿಯ 48 ವೋಲ್ಟ್ ಡಿಸಿ, ಅಂದರೆ ಒಂದೇ ದಿಕ್ಕಿನ ವಿದ್ಯುತ್ತು, ಸುಮ್ಮನೆ ನಿಂತಿರುತ್ತದೆ. (ಈ 48 ವೋಲ್ಟು ಭೂಮಿಗೆ ಹೋಲಿಸಿದರೆ ಋಣ. ಧನ ತುದಿಯನ್ನು ನೆಲಕ್ಕೆ ಕಟ್ಟಿದರೆ ಒದ್ದೆ ಮಣ್ಣಿನಲ್ಲಿ ಹೂತ ಕೇಬಲ್ಲಿನ ತಾಮ್ರ ಸವೆಯುವುದು ಕಡಿಮೆ ಅಂತ ಹಿಂದಿನವರು ಮಾಡಿದ ಏರ್ಪಾಡು.) ರಿಸೀವರ್ ಎತ್ತಿದ ಕೂಡಲೇ ಫೋನು ಲೈನಿನಿಂದ ಸುಮಾರು 20 ಮಿಲಿಆಂಪಿಯರ್ ಅಥವಾ ತುಸು ಹೆಚ್ಚು ಎಳೆಯುತ್ತದೆ, ತಂತಿಗಳ ನಡುವಿನ ವೋಲ್ಟೇಜು ಹತ್ತರ ಆಸುಪಾಸಿಗೆ ಇಳಿಯುತ್ತದೆ. ಎಕ್ಸ್‌ಚೇಂಜಿಗೆ 'ಇವರು ಎತ್ತಿದರು' ಅಂತ ಗೊತ್ತಾಗುವುದೇ ಆ ಎಳೆತದಿಂದ. ಡಯಲ್ ತಿರುಗಿ ವಾಪಸು ಬರುವಾಗ ಆ ಹರಿವನ್ನು ಸೆಕೆಂಡಿಗೆ ಹತ್ತರ ವೇಗದಲ್ಲಿ ತುಂಡರಿಸುತ್ತದೆ, ವೋಲ್ಟೇಜು ಕೆಳಗಿಂದ 48ಕ್ಕೆ ಏರಿ ಮತ್ತೆ ಇಳಿಯುತ್ತದೆ.

ಕರೆ ಬಂದಾಗ ಮಾತ್ರ ಬೇರೆಯದೇ ಆಟ. ಆ 48ರ ಮೇಲೆ ಎಕ್ಸ್‌ಚೇಂಜು ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತು, ಹೇರುತ್ತದೆ. ಉತ್ತರ ಅಮೆರಿಕದ ಪದ್ಧತಿಯಲ್ಲಿ ಸುಮಾರು 90 ವೋಲ್ಟ್, ಸೆಕೆಂಡಿಗೆ 20 ಆವರ್ತ. ಬ್ರಿಟಿಷ್ ಜಾಡಿನ ವ್ಯವಸ್ಥೆಗಳಲ್ಲಿ ಸುಮಾರು 75 ವೋಲ್ಟ್, 25 ಆವರ್ತ. ಅಮೆರಿಕದ ಗಂಟೆ ಎರಡು ಸೆಕೆಂಡು ಬಾರಿಸಿ ನಾಲ್ಕು ಸೆಕೆಂಡು ಸುಮ್ಮನಿರುತ್ತದೆ. ಬ್ರಿಟಿಷರದು 'ಟ್ರಿಣ್‌ಟ್ರಿಣ್' ಎಂದು ಜೋಡಿ ಬಾರಿಸಿ ಎರಡು ಸೆಕೆಂಡು ಬಿಡುತ್ತದೆ. ಇಷ್ಟು ನಿಧಾನದ ಎಸಿ ಯಾಕೆ ಅಂದರೆ, ಗಂಟೆಯ ನಾಲಗೆ ಆ ಬಟ್ಟಲಿಂದ ಈ ಬಟ್ಟಲಿಗೆ ಓಡಾಡಬೇಕಲ್ಲ. ಒಂದು ಅರ್ಧ ಆವರ್ತಕ್ಕೆ ಎಡಕ್ಕೆ, ಇನ್ನೊಂದು ಅರ್ಧಕ್ಕೆ ಬಲಕ್ಕೆ. ಅದಕ್ಕಿಂತ ಚುರುಕಾದರೆ ನಾಲಗೆ ಜಾಗದಲ್ಲೇ ನಡುಗಿ ನಿಂತುಬಿಡುತ್ತದೆ.

ಈಗ ಒಂದು ಲೆಕ್ಕ ಮನಸ್ಸಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಎಸಿಯಲ್ಲಿ 75 ವೋಲ್ಟ್ ಅನ್ನುವುದು ಒಂದು ಬಗೆಯ ಸರಾಸರಿ. ಅಲೆಯ ನೆತ್ತಿ 106ಕ್ಕೆ ಮುಟ್ಟುತ್ತದೆ. ಕೆಳಗೆ 48 ಮೊದಲೇ ನಿಂತಿರುವುದರಿಂದ ಒಂದು ದಿಕ್ಕಿನಲ್ಲಿ 106ಕ್ಕೆ 48 ಕೂಡಿ 154 ಆಗುತ್ತದೆ, ಎದುರು ದಿಕ್ಕಿನಲ್ಲಿ 48 ಕಳೆದು 58 ಉಳಿಯುತ್ತದೆ.

ನನ್ನ ಮೊದಲ ಪ್ರಯತ್ನ ಹೇಳುತ್ತೇನೆ, ನಗಬಹುದು. ದೀಪ ಅಂದರೆ ಎಲ್‌ಇಡಿ ಅಂತ ತಲೆಯಲ್ಲಿ ಕೂತಿತ್ತು. ಒಂದು ಕೆಂಪು ಎಲ್‌ಇಡಿ, ಜೊತೆಗೆ ಹರಿವನ್ನು ಮಿತಿಯಲ್ಲಿಡುವ 2.2 ಕಿಲೋ ಓಮ್ ರೆಸಿಸ್ಟರ್, ನೇರ ಲೈನಿಗೆ. ಹೊತ್ತಿಕೊಂಡಿತು. ಕರೆ ಬರುವ ಮೊದಲೇ ಹೊತ್ತಿಕೊಂಡಿತು ಅನ್ನುವುದು ನನಗೆ ತೊಂದರೆ ಅಂತ ತೋರಲೇ ಇಲ್ಲ. ಲೈನು ಜೀವಂತ ಇದೆ ಅಂತ ತೋರಿಸುತ್ತಿದೆ, ರಿಂಗಾದಾಗ ಇನ್ನೂ ಜೋರಾಗುತ್ತದೆ ಅಂದುಕೊಂಡು ಮುಚ್ಚಳ ಹಾಕಿ ತಿರುಪು ಬಿಗಿದೆ. ಎರಡು ದಿನ ಮನೆಯಲ್ಲಿ ಅಪರೂಪದ ಶಾಂತಿ. ಮೂರನೇ ದಿನ ಅಕ್ಕ ಮನೆಗೇ ಬಂದಳು. "ಏನೋ, ಎರಡು ದಿನದಿಂದ ಎಂಗೇಜು! ಯಾರ ಜೊತೆ ಅಷ್ಟು ಮಾತು?" ಅಂದಳು. ಲೆಕ್ಕ ಹಾಕಿ ನೋಡಿ: 48ರಲ್ಲಿ ಎಲ್‌ಇಡಿಗೆ ಎರಡು ವೋಲ್ಟ್ ಹೋಗಿ ಉಳಿದ 46ನ್ನು 2.2 ಕಿಲೋ ಓಮ್‌ನಿಂದ ಭಾಗಿಸಿದರೆ 20 ಮಿಲಿಆಂಪಿಯರ್. ರಿಸೀವರ್ ಎತ್ತಿದರೆ ಎಷ್ಟು ಹರಿಯುತ್ತದೋ ಅಷ್ಟೇ! ನನ್ನ ದೀಪ ಎರಡು ದಿನ ಎಕ್ಸ್‌ಚೇಂಜಿನ ಜೊತೆ ಮೌನವಾಗಿ ಮಾತಾಡುತ್ತ ಕೂತಿತ್ತು.

ಇದರಿಂದ ಹೊರಡುವ ನಿಯಮ ಒಂದೇ: ರಿಸೀವರ್ ಕೆಳಗಿರುವಾಗ ನಾವು ಸೇರಿಸಿದ್ದು ಲೈನಿನಿಂದ ಡಿಸಿ ಎಳೆಯಕೂಡದು. ಅಮೆರಿಕದ ನಿಯಮದಲ್ಲಿ ಕೆಳಗಿಟ್ಟ ಫೋನಿನ ಡಿಸಿ ತಡೆ 100 ವೋಲ್ಟಿನವರೆಗೆ 50 ಲಕ್ಷ ಓಮ್‌ಗಿಂತ, ಅಂದರೆ 5 ಮೆಗಾ ಓಮ್‌ಗಿಂತ, ಹೆಚ್ಚಿರಬೇಕು. ಸೋರಿಕೆ ಅನ್ನುವಷ್ಟೂ ಸೋರಬಾರದು ಅಂತ ಅರ್ಥ. ಎಲ್‌ಇಡಿ ಈ ಪರೀಕ್ಷೆಯಲ್ಲಿ ತಾನಾಗಿ ಪಾಸಾಗುವುದಿಲ್ಲ. ಎರಡು ವೋಲ್ಟ್ ಸಿಕ್ಕರೆ ಸಾಕು, ಬಾಗಿಲು ತೆರೆದುಬಿಡುತ್ತದೆ.

ಟೆಸ್ಟರಿನ ಬಲ್ಬು ಹಾಗಲ್ಲ. ನಿಯಾನ್ ಅನಿಲವನ್ನು ರಸಾಯನವಿಜ್ಞಾನಿಗಳಾದ ರಾಮ್ಸೆ ಮತ್ತು ಟ್ರಾವರ್ಸ್ 1898ರಲ್ಲಿ ಗಾಳಿಯಿಂದ ಬೇರ್ಪಡಿಸಿದರು. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಡೇನಿಯಲ್ ಮೂರ್ 1917ರಲ್ಲಿ ಅದನ್ನು ಈ ಪುಟ್ಟ ಗಾಜಿನೊಳಗೆ ಕೂರಿಸಿದ. ಇದರೊಳಗೆ ಉರಿಯುವ ತಂತಿಯೇ ಇಲ್ಲ. ಒಂದನ್ನೊಂದು ಮುಟ್ಟದ ಎರಡು ಲೋಹದ ಕಡ್ಡಿ, ನಡುವೆ ತೆಳುವಾದ ಅನಿಲ. ಸಾಮಾನ್ಯವಾಗಿ ಸಿಗುವ ಎನ್‌ಇ-2 ಬಲ್ಬಿಗೆ ಸುಮಾರು 90 ವೋಲ್ಟ್ ಡಿಸಿ ಕೊಡುವ ತನಕ ಅದು ಬರೀ ಗಾಜು, ಏನೂ ಹರಿಯುವುದಿಲ್ಲ. 90 ಮುಟ್ಟಿದ ಕ್ಷಣ ಅನಿಲ ಒಡೆದು ದಾರಿ ಬಿಡುತ್ತದೆ, ಋಣ ಕಡ್ಡಿಯ ಸುತ್ತ ಕಿತ್ತಳೆ ಬೆಳಕು ಹಬ್ಬುತ್ತದೆ. ಒಮ್ಮೆ ಹೊತ್ತಿದ ಮೇಲೆ ಸುಮಾರು 60 ವೋಲ್ಟಿನಲ್ಲಿ ಉಳಿದುಕೊಳ್ಳುತ್ತದೆ, ಅದಕ್ಕಿಂತ ಕೆಳಗಿಳಿದರೆ ಆರುತ್ತದೆ.

ಈಗ ಲೈನಿನ ಲೆಕ್ಕದ ಪಕ್ಕ ಇದನ್ನಿಟ್ಟು ನೋಡಿ. ಸುಮ್ಮನಿರುವ ಲೈನು 48: ಹೊತ್ತುವುದಿಲ್ಲ. ಮಾತಾಡುವಾಗ 10: ಹೊತ್ತುವುದಿಲ್ಲ. ಡಯಲ್ ಮಾಡುವಾಗ ಸೊನ್ನೆಯ ಹತ್ತಿರದಿಂದ 48ರ ತನಕ ಕುಣಿತ: ಆಗಲೂ ಇಲ್ಲ. ರಿಂಗು ಬಂದಾಗ 154: ಹೊತ್ತಿತು! ರಿಸೀವರ್ ಎತ್ತಿದ ಕೂಡಲೇ ಎಕ್ಸ್‌ಚೇಂಜು ಎಸಿ ನಿಲ್ಲಿಸುತ್ತದೆ: ಆರಿತು. ಕರೆ ಯಾವುದು, ಕರೆ ಅಲ್ಲದ್ದು ಯಾವುದು ಅಂತ ತೀರ್ಮಾನಿಸಲು ನಾವು ಸರ್ಕ್ಯೂಟು ಕಟ್ಟಬೇಕಾಗಿಲ್ಲ. ಅನಿಲದ ಸ್ವಭಾವವೇ ಆ ಕೆಲಸ ಮಾಡುತ್ತದೆ. ಬ್ಯಾಟರಿ ಬೇಡ, ಅಡಾಪ್ಟರ್ ಬೇಡ. ಗಂಟೆ ಬಾರಿಸಲು ಬಂದ ಶಕ್ತಿಯ ಒಂದು ಚಿಟಿಕೆಯಲ್ಲೇ ದೀಪ ಉರಿಯುತ್ತದೆ. 1959ರಲ್ಲಿ ಅಮೆರಿಕದಲ್ಲಿ ಬಂದ ಪ್ರಿನ್ಸೆಸ್ ಫೋನಿನ ಡಯಲ್ಲಿಗೆ ಬೆಳಕು ಕೊಡಲು ಗೋಡೆಯ ಪ್ಲಗ್ಗಿಗೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಸಿಕ್ಕಿಸಬೇಕಿತ್ತು ಅನ್ನುವುದನ್ನು ನೆನೆದರೆ ನಮ್ಮದು ಎಷ್ಟು ಅಗ್ಗದ ಸಂಸಾರ ಅಂತ ತಿಳಿಯುತ್ತದೆ.

ಬೇಕಾದ ಸಾಮಾನು ಎರಡೇ: ಬಲ್ಬು, ಮತ್ತು ಅದರ ಸಾಲಿನಲ್ಲಿ ಒಂದು ರೆಸಿಸ್ಟರ್. ರೆಸಿಸ್ಟರ್ ಬಿಟ್ಟು ಕೂರಿಸಬೇಡಿ. ದಾರಿ ತೆರೆದ ಅನಿಲಕ್ಕೆ ಹಿಡಿತವಿಲ್ಲ, ತನ್ನನ್ನೇ ಸುಟ್ಟುಕೊಳ್ಳುತ್ತದೆ. 154ರಿಂದ 60 ಕಳೆದರೆ 94 ವೋಲ್ಟ್. 220 ಕಿಲೋ ಓಮ್ ಹಾಕಿದರೆ ನೆತ್ತಿಯಲ್ಲಿ ಸುಮಾರು 0.4 ಮಿಲಿಆಂಪಿಯರ್, 150 ಹಾಕಿದರೆ 0.6. ಈ ಬಲ್ಬು ನಿರೀಕ್ಷಿಸುವುದೂ ಅಷ್ಟೇ. ಟೆಸ್ಟರಿನ ಒಳಗಿನ ರೆಸಿಸ್ಟರನ್ನೇ ಕಿತ್ತು ಹಾಕೋಣ ಅನ್ನಬೇಡಿ. ಅದು ನಿಮ್ಮ ಮೈಯೊಳಗೆ ಹರಿಯುವುದನ್ನು ತಡೆಯಲು ಹಾಕಿದ್ದು, ಬೆಲೆ ತೀರ ಹೆಚ್ಚು, ಬೆಳಕು ಮಂಕಾಗುತ್ತದೆ.

ಒಂದು ಸೊಗಸಾದ ಸಣ್ಣ ಸಂಗತಿ ಇದೆ. ಎದುರು ದಿಕ್ಕಿನಲ್ಲಿ ಉಳಿಯುವುದು 58 ವೋಲ್ಟ್ ಅಂದೆನಲ್ಲ, ಅದು ಬಲ್ಬನ್ನು ಹೊತ್ತಿಸಲಾರದು. ಹಾಗಾಗಿ ಎರಡು ಕಡ್ಡಿಗಳಲ್ಲಿ ಒಂದೇ ಬೆಳಗುತ್ತದೆ, ಸೆಕೆಂಡಿಗೆ 25 ಸಲ. ಕಣ್ಣಿಗೆ ಅದು ಗೊತ್ತಾಗುವ ನಡುಕ, ಗಾಳಿಗೆ ಅಲುಗುವ ಹಣತೆಯ ಹಾಗೆ. ಸ್ಥಿರವಾದ ಬೆಳಕಿಗಿಂತ ಈ ನಡುಕವೇ ಓರೆಗಣ್ಣನ್ನು ಬೇಗ ಸೆಳೆಯುತ್ತದೆ, ನಮಗೆ ಬೇಕಾದದ್ದೂ ಅದೇ. ಕೂರಿಸಿದ ಮೇಲೆ ಬೆಳಗುವ ಕಡ್ಡಿ ಒಳಮುಖವಾಗಿದ್ದರೆ ಲೈನಿನ ಎರಡು ತಂತಿ ಅದಲುಬದಲು ಮಾಡಿ, ಹೊರಗಿನ ಕಡ್ಡಿ ಬೆಳಗುತ್ತದೆ. 90 ವೋಲ್ಟಿನ ರಿಂಗು ಇರುವಲ್ಲಿ ಎದುರು ದಿಕ್ಕಿನಲ್ಲೂ 79 ಸಿಗುತ್ತದೆ. ಅಲ್ಲಿ ಇನ್ನೊಂದು ಕಡ್ಡಿ ಕೆಲವು ಬಲ್ಬುಗಳಲ್ಲಿ ಅರೆಮನಸ್ಸಿನಿಂದ ಮಿನುಗಬಹುದು.

ಸಾಲಿನಲ್ಲಿ ಎಸಿಯನ್ನು ಮಾತ್ರ ದಾಟಿಸುವ ಕೆಪಾಸಿಟರ್ ಹಾಕಬೇಕೆಂದು ಕೆಲವರು ಹಟ ಹಿಡಿಯುತ್ತಾರೆ, ಡಿಸಿ ಪೂರಾ ನಿಲ್ಲಲಿ ಅಂತ. 0.1 ಮೈಕ್ರೋಫ್ಯಾರಡ್ ಹಾಕಿದರೆ ಎರಡೂ ಕಡ್ಡಿ ಸರದಿಯಲ್ಲಿ ಬೆಳಗಿ ಬೆಳಕು ನಯವಾಗುತ್ತದೆ. ತಪ್ಪಲ್ಲ. ಆದರೆ 48 ವೋಲ್ಟಿಗೆ ನಿಯಾನೇ ಬಾಗಿಲು ಹಾಕಿರುವಾಗ ಇನ್ನೊಂದು ಚಿಲಕ ಯಾಕೆ ಅನ್ನುವುದು ನನ್ನ ವಾದ. ಆ ಚಿಲಕ ಒಮ್ಮೊಮ್ಮೆ ತೊಂದರೆಯನ್ನೇ ಕೊಡುತ್ತದೆ, ಅದನ್ನು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ.

ಬೆಸುಗೆ ಹಾಕುವ ಮೊದಲು ಲೈನಿನ ಪ್ಲಗ್ಗನ್ನು ಗೋಡೆಯಿಂದ ಕೀಳಿ. 48 ವೋಲ್ಟು ಒಣ ಕೈಗೆ ಗೊತ್ತೂ ಆಗುವುದಿಲ್ಲ, ಆ ಧೈರ್ಯದಲ್ಲೇ ಜನ ಕೈಹಾಕುತ್ತಾರೆ. ನೀವು ತಿರುಪು ಹಿಡಿದಿರುವಾಗಲೇ ಯಾರೋ ಕರೆ ಮಾಡಿದರೆ 75 ಅಥವಾ 90 ವೋಲ್ಟಿನ ಎಸಿ ಮೊಳಕೈ ತನಕ ಒದೆಯುತ್ತದೆ. ಒಳಗೆ ನೋಡಿದರೆ ಹೊರಗಿನ ಬಳ್ಳಿ ಬಂದು ಸೇರುವ ಎರಡು ತಿರುಪು ಸಿಗುತ್ತವೆ. ವೆಸ್ಟರ್ನ್ ಎಲೆಕ್ಟ್ರಿಕ್ 500 ಮಾದರಿಯಲ್ಲಿ ಅವುಗಳ ಪಕ್ಕ ಎಲ್1, ಎಲ್2 ಎಂದು ಬರೆದಿದೆ. ಬಲ್ಬಿನ ಸಾಲನ್ನು ಆ ಎರಡಕ್ಕೆ ಸೇರಿಸಿ. ಗಂಟೆಯ ಸುರುಳಿಯ ತುದಿಗಳಿಗೂ ಸೇರಿಸಬಹುದು, ಆದರೆ ಸುರುಳಿಯಲ್ಲಿ ಹರಿವು ತುಂಡಾದಾಗಲೆಲ್ಲ ಅದು ತಿರುಗಿ ಒದೆಯುತ್ತದೆ, ಡಯಲ್ ಮಾಡುವಾಗ ಬಲ್ಬು ಬೇಡದ ಮಿಣುಕು ಮಿಣುಕಬಹುದು. ಬಲ್ಬಿನ ಕಾಲುಗಳಿಗೆ ಉದ್ದಕ್ಕೂ ಸ್ಲೀವ್, ಅಂದರೆ ಕರೆಂಟು ದಾಟಗೊಡದ ಕೊಳವೆ, ತೊಡಿಸಿ, ಯಾಕೆಂದರೆ ಇಂಥ ಫೋನುಗಳ ತಳ ಹೆಚ್ಚಾಗಿ ಲೋಹದ್ದು. ಗಂಟೆಯ ನಾಲಗೆ ಓಡಾಡುವ ದಾರಿಗೆ ತಂತಿ ಅಡ್ಡ ಬರಬಾರದು. ಬಟ್ಟೆ ಸುತ್ತಿದ ಹಳೆಯ ತಂತಿಗಳನ್ನು ಬಗ್ಗಿಸಲೇಬೇಡಿ, ಒಳಗಿನ ರಬ್ಬರು ಪುಡಿಯಾಗಿ ಉದುರುತ್ತದೆ.

ಎಲ್ಲಿ ಕೂರಿಸುವುದು? ಈ ಪ್ರಶ್ನೆಗೆ ನಾನು ಸ್ವಲ್ಪ ಮಡಿವಂತ. ಡ್ರಿಲ್ ಮುಟ್ಟಬೇಡಿ. ಹಳೆಯ ಕಪ್ಪು ಮೈ ಬೇಕಲೈಟಿನದು, ಲಿಯೋ ಬೇಕಲೆಂಡ್ 1907ರಲ್ಲಿ ಕಂಡುಹಿಡಿದ ಪ್ಲಾಸ್ಟಿಕ್ಕು. ಗಟ್ಟಿ ನಿಜ, ಆದರೆ ಗಾಜಿನ ಜಾತಿಯ ಗಟ್ಟಿ. ತೂತಿನ ಅಂಚಿನಿಂದ ಬಿರುಕು ಹೊರಟರೆ ಮೂಲೆ ಮುಟ್ಟುವ ತನಕ ನಿಲ್ಲುವುದಿಲ್ಲ. ಒಳಗೆ ಮರದ ಹಿಟ್ಟು ತುಂಬಿರುತ್ತಿದ್ದರು, ಕೆಲವು ಬಗೆಗಳಲ್ಲಿ ಕಲ್ನಾರನ್ನೂ (ಆಸ್ಬೆಸ್ಟಾಸ್) ತುಂಬಿದ್ದುಂಟು. ಆ ಪುಡಿ ಶ್ವಾಸಕೋಶಕ್ಕೆ ಹೋಗುವುದು ಬೇಡ. ಇಷ್ಟಕ್ಕೂ 80 ವರ್ಷ ಯಾರೂ ತೂತು ಕೊರೆಯದೆ ಉಳಿಸಿಕೊಟ್ಟದ್ದನ್ನು ನಾವು ಒಂದು ಮಧ್ಯಾಹ್ನದ ಉತ್ಸಾಹಕ್ಕೆ ಕೊರೆಯುವುದು ಯಾವ ನ್ಯಾಯ?

ಮೊದಲೇ ಇರುವ ತೂತು ಹುಡುಕಿ. ಬ್ರಿಟಿಷ್ ಅಂಚೆ ಇಲಾಖೆಯ 300ರ ಸಾಲಿನ ಕೆಲವು ಫೋನುಗಳಲ್ಲಿ ಹೆಚ್ಚುವರಿ ಗುಂಡಿಗೆಂದು ಮುಂಭಾಗದಲ್ಲಿ ಜಾಗ ಇರುತ್ತಿತ್ತು. ಬಹಳಷ್ಟು ಫೋನುಗಳಲ್ಲಿ ಗಂಟೆಯ ಸದ್ದು ಹೊರಗೆ ಹೋಗಲೆಂದು ತಳದಲ್ಲೋ ಹಿಂದೆಯೋ ಸೀಳುಗಳಿರುತ್ತವೆ. ನಾನು ಮಾಡಿರುವುದು ಅದನ್ನೇ. ಬಲ್ಬನ್ನು ತಳದ ಸೀಳಿನ ಮೇಲೆ ಮಲಗಿಸಿ ಒಂದು ದಾರದಿಂದ ಕಟ್ಟಿದ್ದೇನೆ, ಅಂಟು ಕೂಡ ಹಾಕಿಲ್ಲ. ಕರೆ ಬಂದಾಗ ಬಲ್ಬು ಕಾಣುವುದಿಲ್ಲ, ಫೋನಿನ ಅಡಿಯಿಂದ ಬೆಳಕು ಮೇಜಿನ ಮೇಲೆ ಹರಡುತ್ತದೆ, ಬೂದಿ ಸರಿಸಿದಾಗ ಕಾಣುವ ಕೆಂಡದ ಹಾಗೆ. ತಿಳಿ ಬಣ್ಣದ ಮೇಜಾದರೆ ಇನ್ನೂ ಚೆನ್ನ. (ಇಲ್ಲಿ ಕೋಣೆಯ ದೀಪ ಆರಿಸಿ ಮೊಬೈಲಿನಿಂದ ಕರೆ ಮಾಡಿ ತೋರಿಸಿದೆ. ಮುಂದಿನ ಸಾಲಿನವರು ಎದ್ದು ಬಗ್ಗಿ ನೋಡಿದರು, ಹಿಂದಿನವರಿಗೆ ಏನೂ ಕಾಣಲಿಲ್ಲ ಎಂದು ಆಮೇಲೆ ತಿಳಿಯಿತು.) ಅಪರೂಪದ ಮಾದರಿಯಾದರೆ ಫೋನನ್ನು ತೆರೆಯಲೇಬೇಡಿ. ಬಲ್ಬು, ರೆಸಿಸ್ಟರ್ ಎರಡನ್ನೂ ಪುಟ್ಟ ಡಬ್ಬಿಯೊಳಗೆ ಹಾಕಿ ಗೋಡೆಯ ಸಾಕೆಟ್ಟಿಗೇ ಜೊತೆಯಾಗಿ ಸಿಕ್ಕಿಸಿ. ಲೈನಿಗೆ ಎಲ್ಲಿ ಸೇರಿಸಿದರೂ ಒಂದೇ.

ಆ ಕೆಂಡ ನನಗೆ ಒಂದು ಪಾಠ ಕಲಿಸಿತು. ಬೆಂಚಿನ ಮೇಲೆ ಚಕ್ಕನೆ ಹೊತ್ತುತ್ತಿದ್ದ ಬಲ್ಬು, ಮುಚ್ಚಳ ಹಾಕಿದ ಮೇಲೆ ಮೊದಲ ರಿಂಗಿಗೆ ಸುಮ್ಮನಿದ್ದು ಎರಡನೆಯದಕ್ಕೆ ಹೊತ್ತತೊಡಗಿತು. ಬೆಸುಗೆ ಸಡಿಲ ಇರಬೇಕು ಅಂತ ಮೂರು ಸಲ ಬಿಚ್ಚಿದೆ. ಬಿಚ್ಚಿದಾಗಲೆಲ್ಲ ಸರಿ, ಮುಚ್ಚಿದಾಗಲೆಲ್ಲ ತಡ! ಬೆಸುಗೆಯಲ್ಲಿ ದೋಷವಿರಲಿಲ್ಲ, ಕತ್ತಲೆಯಲ್ಲಿತ್ತು. ನಿಯಾನ್ ಒಡೆಯಲು ಆರಂಭಕ್ಕೆ ಒಂದಷ್ಟು ಬಿಡಿ ಎಲೆಕ್ಟ್ರಾನುಗಳು ಬೇಕು. ಕೋಣೆಯ ಬೆಳಕು ಲೋಹದ ಕಡ್ಡಿಗೆ ಬಿದ್ದು ಅವನ್ನು ಎಬ್ಬಿಸುತ್ತಿರುತ್ತದೆ. ಕಗ್ಗತ್ತಲೆಯ ಡಬ್ಬಿಯೊಳಗೆ ಎಬ್ಬಿಸುವವರಿಲ್ಲ. ಬಲ್ಬು ಇನ್ನೂ ಹೆಚ್ಚಿನ ವೋಲ್ಟೇಜು ಕೇಳುತ್ತದೆ, ಇಲ್ಲವೇ ಕಾಯುತ್ತದೆ. ತಯಾರಕರಿಗೂ ಇದು ಗೊತ್ತಿತ್ತು, ಕೆಲವು ಬಲ್ಬುಗಳಿಗೆ ವಿಕಿರಣ ಸೂಸುವ ಕ್ರಿಪ್ಟಾನ್-85ನ್ನು ಲವಲೇಶ ಬೆರೆಸುತ್ತಿದ್ದರು. ನಾನು ಅಷ್ಟು ದೂರ ಹೋಗಲಿಲ್ಲ. ಬಲ್ಬನ್ನು ಸೀಳಿನ ಅಂಚಿಗೆ ಅರ್ಧ ಬೆರಳು ಸರಿಸಿದೆ, ಹೊರಗಿನ ಬೆಳಕು ಒಳಗೆ ಬಿತ್ತು, ತಡ ಹೋಯಿತು. ನಡುರಾತ್ರಿ ಕೋಣೆಯೆಲ್ಲ ಕತ್ತಲಾದಾಗ ಈಗಲೂ ಒಮ್ಮೊಮ್ಮೆ ಮೊದಲ ರಿಂಗು ತಪ್ಪುತ್ತದೆ. ಬೆಳಕು ಕೊಡುವುದಕ್ಕೂ ಬೆಳಕು ಬೇಕು ಅನ್ನುವ ಈ ಬಲ್ಬಿನ ಜಂಬ ನನಗೆ ಇಷ್ಟ.

ಎಲ್‌ಇಡಿಯೇ ಬೇಕು ಅನ್ನುವವರಿಗೆ ಚುಟುಕಾಗಿ. 250 ವೋಲ್ಟ್ ತಾಳುವ, ಸಾಧ್ಯವಾದರೆ 400 ತಾಳುವ, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಲ್ಲಿ ಕಡ್ಡಾಯ. ಸಾಲಿನಲ್ಲಿ 10 ಕಿಲೋ ಓಮ್. ಎಲ್‌ಇಡಿ ಹಿಮ್ಮುಖ ವೋಲ್ಟೇಜನ್ನು ಸುಮಾರು ಐದಕ್ಕಿಂತ ಹೆಚ್ಚು ತಡೆಯಲಾರದು, ಹಾಗಾಗಿ ಅದರ ಬೆನ್ನಿಗೆ ತಿರುಗುಮುರುಗಾಗಿ ಒಂದೇ ದಿಕ್ಕಿಗೆ ದಾರಿ ಬಿಡುವ ಒಂದು 1ಎನ್4148 ಡಯೋಡು. ಇಷ್ಟೇ ಮಾಡಿದರೆ ಡಯಲ್ ತಿರುಗಿಸಿದಾಗಲೆಲ್ಲ ಮಿಣಮಿಣ ಅನ್ನುತ್ತದೆ. 27 ವೋಲ್ಟ್ ದಾಟಿದ ಮೇಲಷ್ಟೆ ಹಿಮ್ಮುಖ ಹರಿವಿಗೆ ದಾರಿ ಬಿಡುವ ಎರಡು ಝೀನರ್‌ಗಳನ್ನು ಎದುರುಬದುರಾಗಿ ಸಾಲಿನಲ್ಲಿ ಸೇರಿಸಿದರೆ ಅದು ಬಹುತೇಕ ನಿಲ್ಲುತ್ತದೆ, ರಿಸೀವರ್ ಎತ್ತುವಾಗ ಒಂದು ಮಿಂಚು ಉಳಿದರೆ ಉಳಿಯಲಿ. ಹರಿಯುವುದು ಒಂದು ಮಿಲಿಆಂಪಿಯರಿಗಿಂತ ಕಡಿಮೆ, ಇಂದಿನ ಒಳ್ಳೆಯ ಎಲ್‌ಇಡಿಗಳಿಗೆ ಸಾಕು. ಇನ್ನೂ ಬೆಳಕು ಬೇಕೆಂದು 0.47 ಹಾಕಿದರೆ ಲೈನಿನ ಮೇಲೆ ಹೆಚ್ಚುಕಡಿಮೆ ಅರ್ಧ ಗಂಟೆಯ ಹೊರೆ ಬೀಳುತ್ತದೆ. ಹೊತ್ತಿನ ಅರ್ಧ ಗಂಟೆ ಅಲ್ಲ, ಬಾರಿಸುವ ಗಂಟೆಯ ಅರ್ಧ. ಒಂದು ಲೈನು ಎಳೆಯಬಲ್ಲದ್ದು ಸಾಮಾನ್ಯವಾಗಿ ನಾಲ್ಕೈದು ಗಂಟೆಗಳನ್ನು, ಅದರಲ್ಲಿ ದೀಪಕ್ಕೇ ಇಷ್ಟು ಕೊಡುವುದು ದುಂದು. ನಿಯಾನಿನ ಹೊರೆ ಲೆಕ್ಕಕ್ಕೂ ಬರುವುದಿಲ್ಲ.

ತಾಮ್ರದ ಲೈನು ಹೋಗಿ ಫೈಬರ್ ಬಂದಿರುವ ಕಡೆ ಫೋನಿಗೆ ರಿಂಗು ಕೊಡುವುದು ಮನೆಯೊಳಗಿನ ಪುಟ್ಟ ಪೆಟ್ಟಿಗೆ. ಅದು ಎಕ್ಸ್‌ಚೇಂಜಿನಷ್ಟು ಧಾರಾಳಿಯಲ್ಲ. ಹಲವು ಪೆಟ್ಟಿಗೆಗಳ ರಿಂಗು 60 ವೋಲ್ಟಿನ ಆಸುಪಾಸು, ನೆತ್ತಿ 85 ಮುಟ್ಟಿದರೆ ಹೆಚ್ಚು. ಅಂಥ ಕಡೆ ನನ್ನ ಕೆಪಾಸಿಟರಿನ ಜಗಳ ನಿಜವಾದದ್ದು. ಗೆಳೆಯರೊಬ್ಬರ ಫೋನಿಗೆ ಅವರ ಒತ್ತಾಯಕ್ಕೆ ಕೆಪಾಸಿಟರ್ ಸೇರಿಸಿ ಕೊಟ್ಟಿದ್ದೆ. ರಿಂಗಾದಾಗ ಒಂದೆರಡು ಸಲ ಮಿಂಚಿ ಸುಮ್ಮನಾಯಿತು. ಮೊದಲ ಮಿಂಚುಗಳಲ್ಲಿ ಕೆಪಾಸಿಟರ್ ತುಂಬಿಕೊಂಡು 48ರ ಆಸರೆಯನ್ನು ನುಂಗಿಬಿಟ್ಟಿತ್ತು. ಉಳಿದ 85 ಯಾವ ದಿಕ್ಕಿನಲ್ಲೂ 90 ಮುಟ್ಟಲಿಲ್ಲ. ಕೆಪಾಸಿಟರ್ ಕಿತ್ತು ನೇರ ಸೇರಿಸಿದೆ: 85ಕ್ಕೆ 48 ಕೂಡಿ 133, ದೀಪ ಸಲೀಸಾಗಿ ಉರಿಯಿತು. ಬೇಡವೆಂದು ತಡೆಯುತ್ತಿದ್ದ ಡಿಸಿಯೇ ಇಲ್ಲಿ ಕೈಹಿಡಿಯಿತು.

ಇನ್ನು ಪ್ರಶ್ನೆಗಳು.

"ಗಂಟೆ ನಿಲ್ಲಿಸಿ ದೀಪ ಮಾತ್ರ ಇಟ್ಟುಕೊಳ್ಳಬಹುದೇ?" ಎಂದು ಒಬ್ಬರು ಕೇಳಿದರು. ಧಾರಾಳವಾಗಿ. ಗಂಟೆಯ ಒಂದು ತಂತಿಯನ್ನು ತಿರುಪಿನಿಂದ ಬಿಚ್ಚಿ, ಕತ್ತರಿಸದೆ, ತುದಿಗೆ ಸ್ಲೀವ್ ತೊಡಿಸಿ ಪಕ್ಕಕ್ಕೆ ಮಡಿಸಿಡಿ. ಮಗು ದೊಡ್ಡದಾದ ಮೇಲೆ ವಾಪಸು ಬಿಗಿಯಬಹುದು. ನಾಲಗೆಗೆ ಬಟ್ಟೆ ಸುತ್ತುವ ಉಪಾಯವೂ ಉಂಟು, ನನಗೆ ಅದರ ಗೊರಗೊರ ಸದ್ದು ಗಂಟೆಗಿಂತ ಕಿರಿಕಿರಿ.

ಹಿಂದಿನ ಸಾಲಿನವರೊಬ್ಬರು ನ್ಯಾಯವಾದ ಆಕ್ಷೇಪ ಎತ್ತಿದರು: "ನಿಮ್ಮ ಕೆಂಡ ಇಲ್ಲಿಗೇ ಕಾಣಲಿಲ್ಲ. ಪೂರ್ತಿ ಕೇಳಿಸದ ನಮ್ಮ ಅಜ್ಜಿಗೆ ಅಡುಗೆಮನೆಯಿಂದ ಹೇಗೆ ಕಾಣಬೇಕು?" ಕಾಣುವುದಿಲ್ಲ, ಒಪ್ಪುತ್ತೇನೆ. ನಿಯಾನು ಮೇಜಿನ ಮುಂದೆ ಕೂತವರ ದೀಪ, ಹಗಲಿನ ಬೆಳಕಿನಲ್ಲಿ ಅದೂ ಕಷ್ಟ. ಅಜ್ಜಿಗೆ ಇಡೀ ಕೋಣೆ ಮಿಂಚಬೇಕು. ಅದಕ್ಕೆ ಎಲ್‌ಇಡಿಯ ಜಾಗದಲ್ಲಿ ಆಪ್ಟೋಕಪ್ಲರ್ ಹಾಕಿ, ಅದರ ಆಚೆ ಬದಿಯಿಂದ ರಿಲೇ (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್ಚು) ನಡೆಸಿ, ರಿಲೇಯಿಂದ ಬ್ಯಾಟರಿಯ ದೊಡ್ಡ ದೀಪ ಹೊತ್ತಿಸಬೇಕು. ಆಪ್ಟೋಕಪ್ಲರಿನ ಎರಡು ಬದಿಗಳ ನಡುವೆ ದಾಟುವುದು ಬೆಳಕು ಮಾತ್ರ, ತಂತಿ ದಾಟುವುದಿಲ್ಲ. ಮನೆಯ ಕರೆಂಟಿನ ದೀಪವನ್ನು ಇದಕ್ಕೆ ಕಟ್ಟುವುದಾದರೆ ಕೈಪಳಗಿದವರಿಂದಲೇ ಮಾಡಿಸಿ. ಕರೆಂಟು ತಪ್ಪಿ ಫೋನಿನ ಲೈನಿಗೆ ನುಗ್ಗಿದರೆ ಅಪಾಯ ನಿಮ್ಮ ಮನೆಗಷ್ಟೇ ಅಲ್ಲ, ಎಲ್ಲೋ ಕಂಬ ಹತ್ತಿ ಕೂತವನಿಗೂ. ಕೇಳಿಸದವರಿಗಾಗಿಯೇ ಮಾಡಿದ ಸಿದ್ಧ ಮಿಂಚುದೀಪಗಳು ಸಿಗುತ್ತವೆ. ಅಜ್ಜಿಗೆ ಅದನ್ನೇ ತನ್ನಿ, ನಿಮ್ಮ ಮೇಜಿಗೆ ನಿಯಾನ್ ಇಟ್ಟುಕೊಳ್ಳಿ.

ಕೊನೆಗೆ ಒಬ್ಬ ಹುಡುಗ ಕೇಳಿದ, ಬಲ್ಬು ಎಷ್ಟು ವರ್ಷ ಬರುತ್ತದೆ, ಹೋಲ್ಡರ್ ಹಾಕಬೇಕಲ್ಲವೇ ಅಂತ. ಇಂಥ ಬಲ್ಬುಗಳಿಗೆ 25,000 ಗಂಟೆ ಆಯುಷ್ಯ ಹೇಳುವುದುಂಟು. ದಿನಕ್ಕೆ ಹತ್ತು ಕರೆ, ಒಂದೊಂದಕ್ಕೂ ಇಪ್ಪತ್ತು ಸೆಕೆಂಡು ರಿಂಗು ಅಂದರೂ ವರ್ಷಕ್ಕೆ ಉರಿಯುವುದು 20 ಗಂಟೆ. ಭಾಗಿಸಿದರೆ 1,200 ವರ್ಷ ದಾಟುತ್ತದೆ. ಹೋಲ್ಡರ್ ಹಾಕದೆ ನೇರ ಬೆಸೆದಿದ್ದೇನೆ.